ಹತ್ಸುಯೊ ಕಟ್ಟಿಕೊಟ್ಟ ಪೊಟ್ಟಣಗಳು

"ತಗೋ, ಸುಮ್ನೆ ತಗೋ," ಎನ್ನುತ್ತ ನೆರೆಮನೆಯ ತೋಮೆಯಜ್ಜಿ ಕಾಗದದ ಪೊಟ್ಟಣವನ್ನು ಚಿಜುರುಳ ಮಡಿಲಿಗೆ ತುರುಕಿದಳು. ಗೋಡೆಯಾಚೆ, ಸ್ಮಶಾನದ ಒಲೆಯಲ್ಲಿ ಚಿಜುರುಳ ತಾಯಿ ಹತ್ಸುಯೊಳ ದೇಹ ಉರಿಯುತ್ತಿತ್ತು. ಎಲುಬು ಆರಿಸಲು ಕರೆಯುವುದಕ್ಕೆ ಇನ್ನೂ ಹೊತ್ತಿತ್ತು. "ಊರಿಗೆ ಬಂದ ಮಗಳು ಬರಿಗೈಲಿ ಹೋಗಬಾರ್ದು. ಅವಳಿದ್ದಿದ್ರೆ ಅವಳೇ ಕೊಡ್ತಿದ್ಲು."

ಒಳಗಿದ್ದದ್ದು ಹೆಶಿಕೊ. ಬಂಗುಡೆಗೆ ಉಪ್ಪು ತುಂಬಿ, ಪೀಪಾಯಿಯ ತೌಡಿನಲ್ಲಿ ಹೂತು, ಮೇಲೆ ಕಲ್ಲು ಹೇರಿ ವರ್ಷಗಟ್ಟಲೆ ಮಾಗಿಸಿದ್ದು. ಹತ್ಸುಯೊ ನಲವತ್ತು ವರ್ಷ ಮೀನು ಸೀಳುವ ಶೆಡ್ಡಿನಲ್ಲಿ ದುಡಿದವಳು. ಜಪಾನಿನ ವಕಾಸ ಕಡಲಂಚಿನ ಆ ಹಳ್ಳಿಯಾಚೆ ಅವಳನ್ನು ಯಾರೂ ಅರಿಯರು. ಹಳ್ಳಿಯೊಳಗೆ ಅವಳ ಪೀಪಾಯಿಯ ರುಚಿ ನೋಡದವರಿರಲಿಲ್ಲ.

"ನಿನ್ನ ಗಂಡ, ಆ ಫ್ರಾನ್ಸಿನವ್ನು, ಇದನ್ನ ತಿಂತಾನೇನೆ?"

"ಬೆರಳು ನೆಕ್ಕೊಂಡು ತಿಂತಾರೆ ಅಜ್ಜಿ." ಹದಿನೈದು ವರ್ಷ ಹೇಳಿ ಹೇಳಿ ಆ ಮಾತು ಚಿಜುರುಳ ನಾಲಗೆಯ ಮೇಲೆ ನುಣುಪಾಗಿತ್ತು.

ಎದುರಿಗೆ ಚಹಾ ಬಗ್ಗಿಸುತ್ತಿದ್ದ ಅತ್ತಿಗೆ ಕಜುಮಿ ಫಕ್ಕನೆ ನಕ್ಕುಬಿಟ್ಟಳು.

*

ಮೊದಲ ಸಲ ಮಾತ್ರ ಪೊಟ್ಟಣ ಲಿಯಾನ್ ತಲುಪಿತ್ತು. ನಾತಕ್ಕೆ ಗಂಡ ಪೆಟ್ಟಿಗೆಯನ್ನೇ ಬಾಲ್ಕನಿಗೆ ಎಸೆದಿದ್ದ. ಆಮೇಲೆ ಚಿಜುರು ಊರಿನ ರೈಲು ನಿಲ್ದಾಣದಲ್ಲೇ ಕೆಲಸ ಮುಗಿಸುತ್ತಿದ್ದಳು. ಸೊಟ್ಟಗಾದ ಬೆರಳುಗಳಿಂದ ದಾರ ಬಿಗಿಯುತ್ತ ಅಮ್ಮ ಪ್ರತಿ ಸಲವೂ, "ತೌಡು ತೊಳೀಬೇಡ, ಹಾಗೇ ಸುಡು," ಎನ್ನುತ್ತಿದ್ದಳು. ಶೌಚಾಲಯದ ಪಕ್ಕದ ತೊಟ್ಟಿಗೆ ಅದನ್ನು ಹಾಕಿ, ಕೈ ತೊಳೆದು, ಮಗಳು ರೈಲು ಹತ್ತುತ್ತಿದ್ದಳು. ವಾರದ ನಂತರ ಫೋನ್.

"ತುಂಬಾ ಚೆನ್ನಾಗಿತ್ತಮ್ಮ."

"ಉಪ್ಪು ಜಾಸ್ತಿ ಆಗ್ಲಿಲ್ವಾ?"

"ಹದವಾಗಿತ್ತು."

*

ತೋಮೆಯಜ್ಜಿ ಎದ್ದು ಹೊರಗೆ ಹೋಗುವ ತನಕ ಚಿಜುರು ಕಾದಳು. "ಯಾಕೆ ಅತ್ತಿಗೆ ನಕ್ಕಿದ್ದು?"

"ಏಳು ವರ್ಷದ ಕೆಳಗೆ ಕನ್ನಡಕ ಬಿಟ್ಟು ಹೋಗಿದ್ದೆ, ನೆನಪಿದ್ಯಾ? ಅತ್ತೆ ಸೈಕಲ್ ತುಳ್ಕೊಂಡು ಸ್ಟೇಷನ್ನಿಗೆ ಬಂದ್ರು. ನಿನ್ನನ್ನ ನೋಡಿದ್ರು. ಕನ್ನಡಕ ಕೊಡ್ಲಿಲ್ಲ. ತೊಟ್ಟಿಯಿಂದ ಪೊಟ್ಟಣ ಎತ್ಕೊಂಡು ವಾಪಸ್ ಬಂದ್ರು."

ಕನ್ನಡಕ ಆ ವರ್ಷ ಅಂಚೆಯಲ್ಲಿ ಬಂದಿತ್ತು. ಜೊತೆಗೆ ಒಂದು ಸಾಲಿನ ಕಾಗದವೂ ಇರಲಿಲ್ಲ.

"ಆಮೇಲೆ ನಿಂಗೆ ಮೀನು ಕೊಟ್ಟಿದ್ದೇ ಇಲ್ಲ. ತೌಡು, ಒಡೆದ ಹೆಂಚಿನ ಚೂರು. ತೂಕ ಸರಿಯಿದ್ಯಾ ಅಂತ ನನ್ನ ಕೈಗೆ ಕೊಟ್ಟು ಕೇಳೋರು. ನೀನು ಫೋನ್ ಮಾಡ್ದಾಗ ಮನೆಯವರಿಗೆಲ್ಲ ಕೇಳೋ ಹಾಗೆ ಇಡೋರು. ನೀನು ಹೆಂಚು ಹದವಾಗಿದೆ ಅಂತ ಹೊಗಳ್ತಿದ್ರೆ ನಾವು ಬಾಯಿಗೆ ಬಟ್ಟೆ ತುರುಕ್ಕೊಂಡು ನಗ್ತಿದ್ವಿ."

"ಅಮ್ಮನೂ ನಗ್ತಿದ್ಲಾ?"

"ಎಲ್ಲರಿಗಿಂತ ಮೊದ್ಲು." ಕಜುಮಿ ಬಟ್ಟಲು ಒರೆಸಿ ಕೆಳಗಿಟ್ಟಳು. "ಹೋದ ವರ್ಷ ನಗ್ಲಿಲ್ಲ. 'ಒಂದ್ಸಲನಾದ್ರೂ ಬಿಚ್ಚಿ ನೋಡ್ತಾಳೆ ಅಂದ್ಕೊಂಡಿದ್ದೆ' ಅಂದ್ರು."

ಚಿಜುರು ಮಡಿಲಿನ ಪೊಟ್ಟಣದ ದಾರವನ್ನು ಹಲ್ಲಿನಿಂದ ಕಿತ್ತಳು. ತೌಡು ಮೆತ್ತಿದ್ದ ಮೀನನ್ನು ಮುರಿದು ಹಸಿಹಸಿಯಾಗಿಯೇ ಬಾಯಿಗೆ ತುರುಕಿಕೊಂಡಳು. ಉಪ್ಪು ಗಂಟಲು ಸುಟ್ಟಿತು. ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ತೋಮೆಯಜ್ಜಿ ಬೆಕ್ಕಸಬೆರಗಾಗಿ ನಿಂತಿದ್ದಳು.

"ಈಗ ತಿಂದು ಯಾರಿಗೆ ತೋರಿಸ್ತೀಯ?" ಎಂದಳು ಕಜುಮಿ. "ಏಳು, ಕರೀತಿದ್ದಾರೆ."

ಒಲೆಯಿಂದ ಹೊರಗೆಳೆದ ಎಲುಬಿನ ತಟ್ಟೆ ಇನ್ನೂ ಬಿಸಿಯಾಗಿತ್ತು. ಒಂದೊಂದು ಎಲುಬನ್ನೂ ಇಬ್ಬಿಬ್ಬರು ತಮ್ಮ ತಮ್ಮ ಕಡ್ಡಿಗಳಿಂದ ಜೊತೆಯಾಗಿ ಎತ್ತಿ ಅಸ್ಥಿಯ ಕುಡಿಕೆಗೆ ಹಾಕುವುದು ಅಲ್ಲಿಯ ಪದ್ಧತಿ. ಮಗಳಿಗೂ ಸೊಸೆಗೂ ಕೈಯ ಎಲುಬು ಬಂತು. ಅರ್ಧ ದಾರಿಯಲ್ಲಿ ಕಜುಮಿ, "ನೀನೇ ಹಿಡ್ಕೋ," ಎಂದು ಮೆಲ್ಲಗೆ ಹೇಳಿ ತನ್ನ ಕಡ್ಡಿಗಳನ್ನು ಹಿಂದೆಗೆದಳು.

ಎಲುಬು ಜಾರಿ ತಟ್ಟೆಯ ಅಂಚಿಗೆ ಬಡಿದು ಪುಡಿಯಾಯಿತು. ಸ್ಮಶಾನದ ನೌಕರ ಬಾಗಿ ನಮಸ್ಕರಿಸಿ, ಪುಟ್ಟ ಪೊರಕೆಯಿಂದ ಚೂರುಗಳನ್ನು ಗುಡಿಸಿ, ಮೊರದಲ್ಲಿ ಎತ್ತಿ ಕುಡಿಕೆಗೆ ಸುರಿದ.