ನೀರು ಇಳಿದ ನೆಲ

ಹಾಜಿ ಮುರ್ದಿಯೊನೊ, ಜಲಾಶಯದ ಗಡಿಕಲ್ಲನ್ನು ಕಿತ್ತು ಅರವತ್ತು ಹೆಜ್ಜೆ ನೀರಿನತ್ತ ನೆಟ್ಟಿದ್ದಾನೆ. ಕಲ್ಲಿನ ತಲೆಗೆ ಹೊಸ ಕೆಂಪು ಬಣ್ಣ, ಊರ ಕಚೇರಿಯ ಕಿಟಕಿಯಿಂದ ವಸೀಲಾಳ ಕಣ್ಣು ಅಲ್ಲಿಗೇ ಹೋಗುತ್ತದೆ, ಅದರ ಈಚೆ ಮಣ್ಣು ತುಂಬಿ ಎಬ್ಬಿಸಿದ ಅವನ ಮೀನಿನ ಹೋಟೆಲು, ಪಕ್ಕದಲ್ಲಿ ಹಸಿರು ಗುಮ್ಮಟದ ನಮಾಜು ಮನೆ — ದೇವರ ಮನೆ ಇದ್ದರೆ ಯಾರು ಕೆಡವುತ್ತಾರೆ, ಜಾಣ — ಎದುರಿಗೆ ಕೂತ ಪಾಕ್ ಲುರಾ, ಊರ ಮುಖ್ಯಸ್ಥ, ಕಾಗದ ತಳ್ಳುತ್ತಾನೆ, ಅಮ್ಮಾ ಅನ್ನುವಂತೆ ಬು ಅನ್ನುತ್ತ, ಒಂದು ಸಹಿ ಹಾಕ್ಬಿಡಿ ಬು, ಈ ಜಾಗ ನಿಮ್ಮಪ್ಪ ಹಾಜಿಯವರಿಗೆ ಮಾರಿದ್ದು ಅಂತ, ನಾಳೆ ನೀರಾವರಿಯವರು ಅಳೆಯೋಕೆ ಬರ್ತಾರೆ, ಮಾರಿದ್ದೇ? ಇಲ್ಲ, ತನ್ನಪ್ಪ ಅಣೆಕಟ್ಟಿಗೆ ಬಿಟ್ಟುಕೊಟ್ಟದ್ದು, ಪರಿಹಾರ ತೆಗೆದುಕೊಂಡು, ಮನೆಯ ಹೆಂಚು ಒಂದೊಂದೇ ಇಳಿಸಿ, ಇನ್ಮೇಲೆ ಇದು ನಮ್ಮದಲ್ಲ ಕಣೆ, ಎಲ್ಲರದೂ ಅಂದಿದ್ದ, ಅದಕ್ಕೇ ನೀರು ಇಳಿದ ಕೆಸರಿನಲ್ಲಿ ಇಲಾಖೆಯ ಪರವಾನಗಿ ಪಡೆದು ಇಪ್ಪತ್ತು ಹೆಂಗಸರು ಪ್ರತಿ ವರ್ಷ ಚೀಟಿ ಎತ್ತಿ ಪಾಲು ಮಾಡಿಕೊಂಡು ಶೇಂಗಾ ಬಿತ್ತುವುದು, ಈ ವರ್ಷ ಅಲ್ಲಿ ಮುಳ್ಳುತಂತಿ, ಸಹಿ ಬಿದ್ದರೆ ಎಂದೆಂದಿಗೂ ಮುಳ್ಳುತಂತಿ. ಹೊಸ ನಮಾಜು ಮನೇಲಿ ಹೆಂಗಸರಿಗೆ ಕುರಾನ್ ಹೇಳಿಕೊಡೋರು ನೀವೇ ಬು, ಜಮಖಾನ, ಫ್ಯಾನು, ಎಲ್ಲಾ ಇದೆ — ಜಮಖಾನ ಯಾರ ನೆಲದ ಮೇಲೆ, ಕಸಿದ ನೆಲದಲ್ಲಿ ಹಣೆಯಿಟ್ಟರೆ ನಮಾಜೂ ಸಲ್ಲುತ್ತದೆ, ಪಾಪವೂ ಸೇರುತ್ತದೆ, ಇದನ್ನು ಮದರಸದ ಹಾಸ್ಟೆಲಿನಲ್ಲಿ ಬಾಯಿಪಾಠ ಮಾಡಿದವಳು ತಾನು, ಅಲ್ಲೇ ಯಾರ ಚಪ್ಪಲಿಯನ್ನು ಯಾರು ಬೇಕಾದರೂ ಮೆಟ್ಟಿ ಹೋಗುತ್ತಿದ್ದರು, ಘಸಬ್ ಘಸಬ್ ಎಂದು ನಗುತ್ತ, ಕೇಳದೆ ಕಸಿದದ್ದಕ್ಕೆ ಶರೀಯತ್ತು ಇಟ್ಟ ಹೆಸರೇ ಹುಡುಗಿಯರ ತಮಾಷೆಯಾಗಿ, ತಾನೂ ಜೊತೆಯ ಹುಡುಗಿ ಸಲ್ಮಿಯಾಳದನ್ನು ಮೆಟ್ಟಿ ಬಾವಿಗೆ ಹೋಗಿ ಬಂದವಳು, ತಿರುಗಿ ಇಟ್ಟಿದೀನಲ್ಲ ಅಂದಾಗ ಗುರುಪತ್ನಿ, ಚಪ್ಪಲಿ ತಿರುಗಿ ಇಟ್ಟೆ, ಅಷ್ಟು ಹೊತ್ತು ಅವಳು ಬಿಸಿಲಲ್ಲಿ ಬರಿಗಾಲಲ್ಲಿ ನಿಂತಿದ್ದಳಲ್ಲ, ಅದನ್ನ ಹೇಗೆ ತಿರುಗಿ ಇಡ್ತೀಯಾ ಅಂದದ್ದು, ಆ ಕಾಲುಗಳು, ಒಂದನ್ನೆತ್ತಿ ಇನ್ನೊಂದರ ಮೇಲೆ ಇಡುತ್ತಿದ್ದ ಕಾಲುಗಳು. ಹೊರಗೆ ಶೇಂಗಾ ಬಿತ್ತುವ ತುಮಿನಿಯ ದನಿ, ಹಾಜಿ ಮೆಕ್ಕಾದಿಂದ ಖರ್ಜೂರ ತಂದ, ನೆಲ ತರೋಕಾಗಲಿಲ್ಲ, ಅದಕ್ಕೇ ನಮ್ಮದು ತಗೊಂಡ, ಹೆಂಗಸರ ನಗು, ಎಲ್ಲರೂ ಬಂದಿದ್ದಾರೆ, ಗುದ್ದಲಿ ಹಿಡಿದೇ ಬಂದಿದ್ದಾರೆ, ಕರೆದವರಾರು, ಯಾರೂ ಇಲ್ಲ, ಎದೆ ಹಗುರಾಗುತ್ತದೆ, ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ಕಾದ ಗಾರೆಯ ಮೇಲೆ ನಿಂತಿದ್ದಾರೆ, ಅಂದಿನ ಸಲ್ಮಿಯಾಳ ಕಾಲು, ಇಂದಿನ ತುಮಿನಿಯ ಕಾಲು, ಒಂದರ ಮೇಲೊಂದು — ಬು, ಸಹಿ — ಹಾಕಲ್ಲ ಪಾಕ್, ನಾಳೆ ಅಳೆಯೋಕೆ ಬರೋರಿಗೆ ಅಪ್ಪ ಎಲ್ಲೀವರೆಗೆ ಬಿಟ್ಟುಕೊಟ್ಟ ಅಂತ ನಾನೇ ನಡೆದು ತೋರಿಸ್ತೀನಿ — ಎದ್ದು ನಿಂತಿದ್ದಾಳೆ — ಕೂತ್ಕೊಳ್ಳಿ ಬು, ಕೂತು ಮಾತಾಡೋಣ, ಅನ್ನುತ್ತಿದ್ದಾನೆ, ಬರಿಗಾಲುಗಳು, ಬಿಸಿ ಗಾರೆ, ಬರಿಗಾಲುಗಳು, ವಸೀಲಾ ಕೂರುವುದಿಲ್ಲ.