ಎಡಗಡೆಯ ಅಳತೆ

ಕಾಂಚನಳ ಮೈ ಅಳತೆ ಅವಳಿಗಿಂತ ಚೆನ್ನಾಗಿ ಹಸೀನಾಳಿಗೆ ಗೊತ್ತಿತ್ತು. ಶೇಡಬಾಳದ ಸ್ಟೇಷನ್ ರಸ್ತೆಯ ತನ್ನ ಮನೆಯ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಹಸೀನಾ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಕಾಂಚನ ಮೊದಲ ಗಿರಾಕಿಗಳಲ್ಲಿ ಒಬ್ಬಳು. ದ್ರಾಕ್ಷಿ ತೋಟದ ಪಾರಿಸನ ಹೆಂಡತಿ, ನಗುಮುಖದವಳು. ಮುಟ್ಟು ನಿಂತ ನಂತರದ ಐದು ವರ್ಷಗಳಲ್ಲಿ ಅವಳ ತೂಕ ಏರುತ್ತಲೇ ಹೋಗಿ ತೊಂಬತ್ತು ಕಿಲೋ ದಾಟಿತ್ತು. ಐನಾಪುರದ ಡಾಕ್ಟರು ತೂಕ ಇಳಿಸಬೇಕೆಂದು ಎರಡು ಸಲ ಹೇಳಿದ್ದರು. ಉಪವಾಸದ ದಿನಗಳಲ್ಲಿ ಒಂದೆರಡು ಕಿಲೋ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನೆಂಟರಿಷ್ಟರು ಅದನ್ನು ಸುಖದ ಮೈ ಎನ್ನುತ್ತಿದ್ದರು. ಹಸೀನಾ ಪ್ರತಿ ವರ್ಷ ಜಂಪರಿನ ಒಳಗೆ ಎರಡು ಬೆರಳು ಹೆಚ್ಚು ಬಟ್ಟೆ ಬಿಟ್ಟು ಹೊಲಿಯುತ್ತಿದ್ದಳು.

ಫೆಬ್ರವರಿಯ ಮೊದಲ ವಾರ ಕಾಂಚನ ತನ್ನ ಮಗಳು ಸಪನಾಳ ಮದುವೆಗೆ ಉಡುವ ರೇಷ್ಮೆ ಸೀರೆಯ ಜಂಪರಿಗೆ ಅಳತೆ ಕೊಡಲು ಬಂದಳು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಸೀನಾ ಕದ ಮುಂದೆ ಮಾಡಿ, ಕೈ ಎತ್ತಲು ಹೇಳಿದಳು. ಕಾಂಚನ ಎಡಗೈ ಎತ್ತಿದಾಗ ಮೊಲೆಯ ಪಕ್ಕದ ಚರ್ಮ ಒಂದು ಕಡೆ ಒಳಕ್ಕೆ ಸೆಳೆದುಕೊಂಡಿತು. ಒಳಗಿನಿಂದ ಯಾರೋ ದಾರ ಎಳೆದು ಹಿಡಿದಂತೆ. ಕೈ ಇಳಿಸಿದರೆ ಅದು ಮಾಯವಾಗುತ್ತಿತ್ತು. ಟೇಪು ಸುತ್ತುವಾಗ ಹಸೀನಾಳ ಬೆರಳಿಗೆ ಕಂಕುಳ ಹತ್ತಿರ ಹುಣಸೆ ಬೀಜದಷ್ಟು ಗಟ್ಟಿಯಾದದ್ದು ತಗಲಿತು. ಅವಳ ಬೆರಳು ಅಲ್ಲೇ ನಿಂತಿತು.

"ಯಾವಾಗಿಂದ ಐತ್ರಿ ವೈನಿ ಇದು?"

"ದೀವಳಗಿ ಆದಮ್ಯಾಲಿಂದ," ಎಂದಳು ಕಾಂಚನ, ಗೋಡೆ ನೋಡುತ್ತ. "ನೋವಿಲ್ಲ ಏನಿಲ್ಲ. ಕೊಬ್ಬಿನ ಗಂಟ ಇರಬೇಕ. ಹೌದಲ್ಲ?"

ಹಸೀನಾಳ ಬಾಯಿಗೆ ಬಂದದ್ದು ಬೇರೆ ಮಾತು. ಆದರೆ ಮದುವೆಗೆ ಎರಡೂವರೆ ತಿಂಗಳಿತ್ತು. ಶುಭಕಾರ್ಯದ ಮನೆಯವಳಿಗೆ ಜಂಪರ್ ಹೊಲಿಯುವವಳು ಅಂಥ ಮಾತು ಹೇಗೆ ಹೇಳುವುದು? ಸುಳ್ಳಾದರೆ ಊರೆಲ್ಲ ಆಡಿಕೊಳ್ಳುತ್ತದೆ. ನಿಜವಾದರೆ ತನ್ನ ಬಾಯಿಂದ ಬಂತು ಎನ್ನುತ್ತಾರೆ.

"ಇದ್ದರೂ ಇರಬಹುದ್ರಿ," ಎಂದಳು.

ಜಂಪರ್ ಹೊಲಿಯಲು ಅವಳು ನಾಲ್ಕು ದಿನ ತೆಗೆದುಕೊಂಡಳು. ಎಡಗಡೆ ಎರಡು ಪದರ ಅಸ್ತರು ಕೊಟ್ಟು, ಹೊಲಿಗೆಯನ್ನು ಅರ್ಧ ಇಂಚು ಸರಿಸಿ, ಆ ಸೆಳೆತ ಹೊರಗೆ ಕಾಣದಂತೆ ಮಾಡಿದಳು. ಅಷ್ಟು ಚೆಂದದ ಕೆಲಸ ಹಿಂದೆ ಎಂದೂ ಮಾಡಿರಲಿಲ್ಲ. ಮದುವೆಯಲ್ಲಿ ಕಾಂಚನ ಇಡೀ ದಿನ ಕೈ ಎತ್ತಿ ಅಕ್ಷತೆ ಹಾಕಿದಳು, ಎಲ್ಲರನ್ನೂ ಊಟಕ್ಕೆ ಕರೆದಳು, ಮಗಳನ್ನು ಕಳಿಸುವಾಗ ಅತ್ತಳು. ಯಾರಿಗೂ ಏನೂ ಕಾಣಲಿಲ್ಲ. ಜಂಪರಿನ ಕೆಲಸವನ್ನು ನಾಲ್ಕು ಮಂದಿ ಹೊಗಳಿದರು. ಹಸೀನಾ ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದಳು.

ಮದುವೆಯಾಗಿ ವಾರಕ್ಕೆ ಕಾಂಚನ ಆ ಜಂಪರನ್ನು ಇನ್ನೊಂದು ಸಲ ತೊಟ್ಟು, ಮರುದಿನ ಆಳುಮಗಳ ಕೈಯಲ್ಲಿ ಕಳಿಸಿದಳು. ಎಡ ತೋಳು ಬಿಗಿಯಾಗುತ್ತದೆ, ಸಡಿಲ ಮಾಡಬೇಕಂತೆ. ಬಲ ತೋಳು ಸರಿಯಿದೆಯಂತೆ. ಹಸೀನಾ ಜಂಪರನ್ನು ಒಳಮೈ ತಿರುಗಿಸಿದಳು. ತಾನೇ ಕೊಟ್ಟ ಎರಡನೇ ಪದರದ ಮೇಲೆ ರಕ್ತದ ಎರಡು ಕಲೆಗಳಿದ್ದವು. ಒಂದು ಒಣಗಿ ಚಹಾದ ಬಣ್ಣವಾಗಿತ್ತು, ಇನ್ನೊಂದು ಇನ್ನೂ ಕೆಂಪಗಿತ್ತು.

ಮಷಿನ್ ಮೇಲಿದ್ದ ಬಟ್ಟೆ ಹಾಗೇ ಬಿಟ್ಟು, ಜಂಪರನ್ನು ಚೀಲದಲ್ಲಿ ಹಾಕಿಕೊಂಡು ಅವಳು ಬಿಸಿಲಲ್ಲೇ ಪಾರಿಸನ ಮನೆಗೆ ಹೋದಳು. ಬಾಗಿಲಲ್ಲಿ ಚೀಲ ನೋಡಿದ ಕೂಡಲೇ ಕಾಂಚನ ಅಡ್ಡ ನಿಂತಳು. ಮನೆಯವರಿಗೆ ಹೇಳಬೇಡ ಎಂದು ಕಣ್ಣಲ್ಲೇ ಬೇಡಿದಳು. ಹಸೀನಾ ಅವಳನ್ನು ದಾಟಿ ಒಳಗೆ ಹೋಗಿ, ಪೇಪರ್ ಓದುತ್ತಿದ್ದ ಪಾರಿಸನ ಮುಂದೆ ಅಸ್ತರನ್ನು ಬಿಚ್ಚಿ ಹಿಡಿದಳು.

"ಅಣ್ಣಾರ, ವೈನಿನ್ನ ಇವತ್ತೇ ಮಿರಜಿನ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ. ನಾಳೆ ಅನಬ್ಯಾಡ್ರಿ."

ಪಾರಿಸ ಬಟ್ಟೆಯನ್ನೂ ಹೆಂಡತಿಯನ್ನೂ ನೋಡಿದ. ಪೇಪರ್ ಮಡಚಿಟ್ಟು ಗಾಡಿಯ ಕೀಲಿ ತೆಗೆದುಕೊಂಡ.

ಮಿರಜಿನಲ್ಲಿ ಸೂಜಿ ಹಾಕಿ ತುಣುಕು ತೆಗೆದರು. ಎಂಟು ದಿನಕ್ಕೆ ರಿಪೋರ್ಟು ಬಂತು. ಮೊಲೆಯ ಕ್ಯಾನ್ಸರ್, ಕಂಕುಳಿನ ಗಂಟುಗಳಿಗೂ ಹರಡಿತ್ತು. ಆ ದಿನ ಕಾಂಚನ ಹಟ ಹಿಡಿದು ಹಸೀನಾಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು. ತಾನು ಹೀಗೆ ತಿಂದು ದಪ್ಪಗಾಗಿದ್ದಕ್ಕೇ ಬಂತೇ ಎಂದು ಡಾಕ್ಟರಮ್ಮನನ್ನು ಕೇಳಿದಳು.

ಡಾಕ್ಟರಮ್ಮ ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಮುಟ್ಟು ನಿಂತ ಮೇಲೂ ಮೈಯಲ್ಲಿನ ಕೊಬ್ಬು ಹೆಣ್ಣಿನ ಹಾರ್ಮೋನನ್ನು ತಯಾರಿಸುತ್ತಲೇ ಇರುತ್ತದೆ, ಕೊಬ್ಬು ಹೆಚ್ಚಿದ್ದಷ್ಟೂ ಅದೂ ಹೆಚ್ಚು. ಇವಳಿಗೆ ಬಂದ ಬಗೆಯ ಗಡ್ಡೆ ಬೆಳೆಯುವುದು ಅದರಿಂದಲೇ. ಆದರೆ ದಪ್ಪ ಇದ್ದವರಿಗೆಲ್ಲ ಇದು ಬರುವುದಿಲ್ಲ, ತೆಳ್ಳಗಿದ್ದವರಿಗೂ ಬರುತ್ತದೆ, ಇಂಥದ್ದೇ ಕಾರಣ ಎಂದು ಒಬ್ಬರ ಮೇಲೆ ಬೆರಳು ಮಾಡಿ ಹೇಳಲಾಗದು. ಮೈ ತುಂಬಿಕೊಂಡಿದ್ದರೆ ಗಂಟು ಬೇಗ ಕೈಗೆ ಸಿಗುವುದೂ ಇಲ್ಲ. ಆಮೇಲೆ ಕಾಗದದ ಮೇಲೆ ಪೆನ್ನು ಇಟ್ಟು, ಮೊದಲು ಗೊತ್ತಾದದ್ದು ಯಾವಾಗ ಎಂದು ಕೇಳಿದರು.

ಕಾಂಚನ ಹಸೀನಾಳ ಕಡೆ ತಿರುಗಿದಳು. ತನ್ನ ಕೈಗೆ ತಗಲಿದ್ದು ಫೆಬ್ರವರಿಯಲ್ಲಿ ಎಂದು ಹಸೀನಾಳೇ ಹೇಳಿದಳು. ಡಾಕ್ಟರಮ್ಮ ಬರೆದುಕೊಂಡರು. ಆಗಲೇ ಬಂದಿದ್ದರೆ ಎಂದು ಶುರುಮಾಡಿದವರು ಮಾತು ಮುಗಿಸಲಿಲ್ಲ.

ಮೂರು ವಾರಕ್ಕೊಮ್ಮೆ ಕಿಮೋ ಶುರುವಾಯಿತು. ಪಾರಿಸನಿಗೆ ತೋಟ ಬಿಡಲಾಗದ ದಿನಗಳಲ್ಲಿ ಹಸೀನಾ ಜೊತೆಗೆ ಹೋಗುತ್ತಿದ್ದಳು, ಪ್ಯಾಸೆಂಜರ್ ಗಾಡಿಯಲ್ಲಿ. ಕಾಂಚನಳ ಕೂದಲು ಉದುರಿತು, ಬಾಯಿ ಹುಣ್ಣಾಯಿತು. ತೂಕ ಇಳಿದದ್ದನ್ನು ನೋಡಿ, ವಿಷಯ ಗೊತ್ತಿಲ್ಲದ ಹೆಂಗಸೊಬ್ಬಳು ಸ್ಟೇಷನ್‌ನಲ್ಲಿ ಚೆಂದ ಕಾಣುತ್ತೀರಿ ಎಂದಳು. ಐದನೇ ಸಲ ಹೋಗುವಾಗ ಹಸೀನಾಳಿಗೆ ತಡೆಯಲಾಗಲಿಲ್ಲ.

"ವೈನಿ, ನನಗ ಅವತ್ತೇ ಅನುಮಾನ ಬಂದಿತ್ರಿ. ನಾ ಬಾಯಿ ಮುಚಗೊಂಡೆ."

ಕಾಂಚನ ಕಿಟಕಿಯ ಹೊರಗಿನ ಕಬ್ಬಿನ ಹೊಲಗಳನ್ನೇ ನೋಡುತ್ತಿದ್ದಳು.

"ನನಗೂ ಬಂದಿತ್ತ. ಅಳತಿ ನೆವಾ ಮಾಡಿ ನಿನಗ ತೋರಸಾಕ ಬಂದಿದ್ದೆ. ನೀ ಬೈದು ದವಾಖಾನಿಗೆ ಕಳಸ್ತಿ ಅಂತ ತಿಳದಿದ್ದೆ. ನೀ, 'ಇದ್ದರೂ ಇರಬಹುದು' ಅಂದಿ. ನನಗ ಅದ ಬೇಕಾಗಿತ್ತು ನೋಡ, ಸುಮ್ನಾದೆ."

ಮಿರಜ ಬಂತು. ಇಳಿಯುವಾಗ ಮೆಟ್ಟಿಲು ಎತ್ತರವಿತ್ತು. ಕಾಂಚನ ಊದಿಕೊಂಡ ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯನ್ನು ಹಸೀನಾಳ ಹೆಗಲ ಮೇಲಿಟ್ಟಳು.

ಆಪರೇಷನ್ ಆಯಿತು, ಊರವರು ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಕೊಟ್ಟರು, ದಿನಕ್ಕೊಂದು ಗುಳಿಗೆ ಎಂದರು. ಒಂದು ವರ್ಷ ಚೆನ್ನಾಗಿತ್ತು. ಕಾಂಚನ ಬೆಳಿಗ್ಗೆ ತೋಟದವರೆಗೂ ನಡೆದು ಬರತೊಡಗಿದಳು. ಸಪನಾ ಬಸುರಿಯಾದಳು, ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡುವುದೆಂದಾಯಿತು. ಮುಂದಿನ ಶ್ರಾವಣದಲ್ಲಿ ಒಂದು ದಿನ ಹಸೀನಾ ಅವರ ಮನೆಗೆ ಹೋದಾಗ, ಕಾಂಚನ ಗೋಡೆ ಹಿಡಿದು ಮೇಲೆದ್ದಳು. ತೊಟ್ಟಿಲು ಒರೆಸಿದ್ದಕ್ಕೆ ಬೆನ್ನು ಹಿಡಿದಿದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದಳು. ಎಷ್ಟು ದಿನದಿಂದ ಎಂದು ಹಸೀನಾ ಕೇಳಿದಳು. ತಿಂಗಳಾಯಿತಂತೆ, ಮಲಗಿದರೂ ನೋಯುತ್ತದಂತೆ.

"ಸೀರಿ ಬದಲಿ ಮಾಡ್ರಿ ವೈನಿ," ಎಂದಳು ಹಸೀನಾ. "ಹನ್ನೊಂದರ ಗಾಡಿ ಐತಿ."

"ಸಪನಾನ ಕುಬಸ ಮುಗೀಲಿ, ಹಸೀನಾ. ಎಂಟ ದಿನ."

"ಇಲ್ರಿ. ಇವತ್ತ."

ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಎರಡು ಕಡೆ ಕ್ಯಾನ್ಸರ್ ಹರಡಿದ್ದು ಕಂಡಿತು. ಪೂರ್ತಿ ತೆಗೆಯಲಾಗದು, ಆದರೆ ಔಷಧಿಯಲ್ಲಿ ಹಿಡಿದಿಡಬಹುದು, ಎಷ್ಟು ದಿನ ಎಂದು ಹೇಳಲಾರೆ ಎಂದರು ಡಾಕ್ಟರಮ್ಮ. ಕಾಂಚನ ಕೇಳಿದ್ದು ಒಂದೇ: ಕುಬಸದ ದಿನ ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂರಬಹುದೇ? ಕುರ್ಚಿಯ ಮೇಲೆ ಕೂರಿ ಎಂದರು.