ಹಳೆ ಪಾವಿಗೆ ಹೊಸ ಎಳೆ

ಆ ಬೆಳಿಗ್ಗೆ ಇಂದುಜಾಳಿಗೆ ಅಂಜಿಕೆ ಅನ್ನುವುದೇ ಇರಲಿಲ್ಲ. ಕೊಯಮತ್ತೂರಿನ ಒಂದು ಟಿಫನ್ ಅಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ ಅವಳ ಆಟದ ಪರಿಷ್ಕೃತ ಆವೃತ್ತಿ ಬಿಡುಗಡೆಯಾಗುವುದಿತ್ತು. ಕೆಳಗಿನಿಂದ ಸಾಂಬಾರಿನ ವಾಸನೆ ಬರುತ್ತಿತ್ತು, ಮೇಲೆ ಇವಳು ಮದುವೆಮನೆಯ ಯಜಮಾನಿಯಂತೆ ಓಡಾಡುತ್ತಿದ್ದಳು.

ಆಟದ ಹೆಸರು ‘ಘಟ್ಟದ ದಾರಿ’. ಮಾತು ಸಿರುಮುಗೈ ಊರಿನ ಅವಳ ನೇಕಾರರ ಮನೆಯ ಕನ್ನಡ, ಅಕ್ಷರ ಮಾತ್ರ ತಮಿಳಿನದು. ಕನ್ನಡ ಓದಲು ಆ ಮನೆಯಲ್ಲಿ ಯಾರಿಗೂ ಬಾರದು, ಏನು ಮಾಡುವುದು? ಮೇಜಿನ ಸುತ್ತ ನಾಲ್ಕೈದು ಜನ ಕೂರಬೇಕು. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ, ಸೀರೆ ಮೂಟೆ ಹೇರಿದ ಎತ್ತುಗಳನ್ನು ಹೊಡೆದುಕೊಂಡು ಘಟ್ಟ ಇಳಿಯಬೇಕು. ಕಳ್ಳರಿದ್ದಾರೆ, ಕಾಡಾನೆ ಇದೆ, ತುಂಬಿದ ಹೊಳೆ ಇದೆ. ಬದುಕಿದೆವೋ ಸತ್ತೆವೋ ದಾಳ ಹೇಳುತ್ತದೆ.

ಮೊದಲ ಆವೃತ್ತಿಯನ್ನು ಇಂದುಜಾ, ಅವಳ ದೊಡ್ಡಪ್ಪನ ಮಗ ಸೆಂದಿಲ್ ಕುಮಾರ್ ಇಬ್ಬರೂ ಸೇರಿ ಮಾಡಿದ್ದರು. ಜನ ಮೆಚ್ಚಿದರು. ಆದರೆ ಪಾತ್ರ ಸತ್ತರೆ ಆಡುವವನು ಎದ್ದು ಹೋಗಬೇಕಿತ್ತು. ಹಾಗೆ ಟೀ ಕುಡಿಯಲು ಎದ್ದವರು ಇನ್ನೊಮ್ಮೆ ಕರೆದರೆ ಬರುತ್ತಿರಲಿಲ್ಲ. ನಿಯಮ ಬದಲಿಸೋಣ ಎಂದು ಇಂದುಜಾ ಹಟ ಹಿಡಿದಳು. “ಸತ್ತವ ಸತ್ತ. ತಿರುಗಿ ಬಂದ್ರೆ ಯಾರಿಗೆ ಬಯ ಇರ್ತದೆ? ಪುಸ್ತಕದ ಮೇಲಿಂದ ನನ್ ಪೇರು ತೆಗೆದಾಕು” ಎಂದು ಸೆಂದಿಲ್ ಎದ್ದು ಹೋದ. ಆಮೇಲೆ ಮಾತೇ ಇಲ್ಲ. ಅವನಿಲ್ಲದೆ ಬಿಡುಗಡೆ ಮಾಡುವ ತಾಕತ್ತು ಅವಳಿಗಿತ್ತು, ಮನಸ್ಸಿರಲಿಲ್ಲ. ಅಣ್ಣ ಮತ್ತೆ ಮೇಜಿಗೆ ಬರಬೇಕು, ಅಷ್ಟೇ.

ಹೊಸ ನಿಯಮ ಅವಳಿಗೆ ಸಿಕ್ಕಿದ್ದು ಮಗ್ಗದಲ್ಲಿ. ಪಾವು, ಅಂದರೆ ಹಾಸಿನ ನೂಲು, ಮುಗಿಯುತ್ತ ಬಂದರೆ ಅವರಲ್ಲಿ ಮಗ್ಗ ಬರಿದು ಮಾಡುವುದಿಲ್ಲ. ಹಳೆಯ ತುದಿಗಳನ್ನು ಹಾಗೇ ಉಳಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಎಳೆಗಳನ್ನು ಒಂದೊಂದಾಗಿ ಅವಕ್ಕೆ ಹೊಸೆಯುತ್ತಾರೆ. ಶಾಲೆ ರಜೆಯಲ್ಲಿ ಅಣ್ಣತಂಗಿ ಇಬ್ಬರೂ ಬೇಸರಪಟ್ಟುಕೊಂಡು ಮಾಡಿದ್ದ ಕೆಲಸವೇ ಅದು.

ಬಿಡುಗಡೆಗೆ ಸೆಂದಿಲ್ ಬಂದೇ ಬಂದ. ಮುಖ ಮಾತ್ರ ಗಂಟು.

“ಸುಮ್ನೆ ನೋಡೋಕೆ ಬಂದೆ.”

“ನೋಡೋದೇನಣ್ಣ, ಕೂತು ಆಡು. ನಿಂಗೆ ಸರಿ ಕಾಣ್ಲಿಲ್ಲಾಂದ್ರೆ ಆ ಹೊಸ ನಿಯಮದ ಪುಟಾನ ಎಲ್ಲಾ ಪುಸ್ತಕದಿಂದ್ಲೂ ನಾನೇ ಕಿತ್ತಾಕ್ತೀನಿ.”

ಹಾಲ್‌ನಲ್ಲಿ ಇದ್ದವರೆಲ್ಲ ಮೇಜಿನ ಸುತ್ತ ಸೇರಿದರು. ಹಳೆಯ ಆಟಗಾರರಾದ ಗೋಕಿಲಾ, ಅಂಗಪ್ಪನ್ ಜೊತೆಗೆ ಕೂತರು. ಸೆಂದಿಲ್ ಎಂದಿನಂತೆ ನಂಜಪ್ಪನ್ ಆದ. ಮೊದಲ ದಿನದಿಂದ ಅವನು ಸಾಕಿಕೊಂಡು ಬಂದ ಪಾತ್ರ ಅದು, ಬಾಯಿ ಜೋರಿನ ಎತ್ತಿನವನು. ಇಂದುಜಾ ಕಥೆ ನಡೆಸಿದಳು. ಹೊಳೆ ಏರಿತು. ಗೋಕಿಲಾಳ ಎತ್ತು ಕೊಚ್ಚಿಹೋಗುವಾಗ ನಂಜಪ್ಪನ್ ನೀರಿಗೆ ಹಾರಿದ. ದಾಳ ಉರುಳಿತು. ಎತ್ತು ದಡ ಸೇರಿತು, ನಂಜಪ್ಪನ್ ಸೇರಲಿಲ್ಲ.

ಸೆಂದಿಲ್‌ನ ಮುಖ ಸಪ್ಪೆಯಾಯಿತು. ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. “ಆಯ್ತು. ಟೀ ಕುಡಿಯೋಕೆ ಹೋಗ್ತೀನಿ.”

“ಕೂತ್ಕೋ ಅಣ್ಣ. ಪಾವು ಮುಗೀತು, ಮಗ್ಗ ಇನ್ನೂ ಇದೆ.” ಉಳಿದವರ ಕಡೆ ತಿರುಗಿದಳು. “ನಂಜಪ್ಪನ್ ಅರೆಕುರೆ ಬಿಟ್ಟೋದದ್ದು ಏನೇನು, ಹೇಳಿ.”

“ನನ್ ಕತ್ತಿ ಇಸ್ಕೊಂಡಿದ್ದ” ಎಂದ ಅಂಗಪ್ಪನ್.

ಗೋಕಿಲಾ ಸ್ವಲ್ಪ ಯೋಚಿಸಿದಳು. “ಮಗಳಿಗೆ ಕಾಲ್ಗೆಜ್ಜೆ ತಗೊಂಡಿದ್ದ. ನನ್ ಮೂಟೇಲೇ ಇದೆ.”

“ಇದ್ರಲ್ಲಿ ಒಂದಕ್ಕೆ ಹೊಸ ಆಳನ್ನ ಹೊಸಿ ಅಣ್ಣ. ಇನ್ಮೇಲೆ ನೀನು ಆ ಆಳು” ಎಂದಳು ಇಂದುಜಾ.

ಸೆಂದಿಲ್ ನಿಂತೇ ಇದ್ದ. ಬಲಗೈಯ ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ಒಂದನ್ನೊಂದು ಉಜ್ಜುತ್ತಿದ್ದವು, ಬೂದಿ ಹಚ್ಚಿಕೊಂಡು ಎಳೆ ಹೊಸೆಯುವವರ ಹಾಗೆ. ಇಂದುಜಾಳಿಗೆ ಒಳಗೊಳಗೇ ನಗು ಬಂತು, ಇನ್ನಿವನು ಹೋಗುವುದಿಲ್ಲ. ಅವನು ಕೂತ.

“ನಾನು ಆ ಮಗಳು. ಘಟ್ಟದ ಬುಡದಲ್ಲಿ ಕಾಯ್ತಾ ನಿಂತಿದೀನಿ. ನೀವು ಬರೋದು ಕಾಣ್ತದೆ.” ಸೆಂದಿಲ್ ಗೋಕಿಲಾಳನ್ನೇ ನೋಡಿದ. “ಅಕ್ಕಾ, ಎತ್ತು ಬಂತು. ಅಪ್ಪ ಎಲ್ಲಿ?”

ಗೋಕಿಲಾ ಮೂಟೆ ಬಿಚ್ಚುವವಳಂತೆ ಕೈಯಾಡಿಸಿ, ಇಲ್ಲದ ಕಾಲ್ಗೆಜ್ಜೆಯನ್ನು ಅವನ ಮುಂದೆ ಇಟ್ಟಳು. ಸುತ್ತ ನಿಂತವರು ಮೇಜಿನ ಮೇಲೆ ಬಾಗಿ ನೋಡಿದರು. ಸತ್ತವರು ತಿರುಗಿ ಬಂದರೆ ಭಯ ಎಲ್ಲಿ ಅಂದಿದ್ದವನೇ ಅದನ್ನು ಮುಟ್ಟಲು ಅಂಜಿದ.

ಆಟ ಮುಗಿದಾಗ ಅವನು ಪುಟ ಕೀಳುವ ಮಾತೆತ್ತಲಿಲ್ಲ. ಹೊಸ ಪುಸ್ತಕವೊಂದನ್ನು ಎತ್ತಿಕೊಂಡು ಹೊದಿಕೆ ನೋಡಿದ. ಹಿಂದಿನಂತೆಯೇ ಅವನ ಹೆಸರು ಮೊದಲು, ಅವಳದು ಆಮೇಲೆ.

“ತೆಗೆದಾಕೂಂತ ಹೇಳಿದ್ನಲ್ಲ?”

“ನೀನೇನೋ ಹೇಳಿದ್ದೆ” ಎಂದಳು ಇಂದುಜಾ. “ಹಳೆ ತುದಿ ಕೊಯ್ದಾಕಿದ್ರೆ ನಾನು ಎಲ್ಲಿಗೆ ಹೊಸೀಲಣ್ಣ?”